ಆ ಕುರ್ಚಿಯಲ್ಲಿ ಕೂರದವಳು

"ಹಿಂದಿನ ಕೆಲಸ ಯಾಕೆ ಬಿಟ್ರಿ?"

"ನಾನೆಲ್ಲಿ ಬಿಟ್ಟೆ ಮೇಡಂ? ಅವರೇ ಓಡಿಸಿದ್ರು!"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಕೆಲಸ ಹುಡುಕುವವರಿಗೆ ಸಂದರ್ಶನ ಎದುರಿಸುವುದನ್ನು ಕಲಿಸುವ ಕೇಂದ್ರ ಅದು. ಮೇಜಿನ ಈಚೆ ಮೇಡಂ, ಆಚೆ ಒಂದು ಕುರ್ಚಿ. ಒಬ್ಬೊಬ್ಬರೇ ಬಂದು ಅದರಲ್ಲಿ ಕೂತು ಅಣಕು ಸಂದರ್ಶನ ಕೊಡಬೇಕು, ಉಳಿದವರು ನೋಡಿ ಕಲಿಯಬೇಕು. ಅವತ್ತು ಕೂತಿದ್ದವನು ಒಬ್ಬ ಲಿಫ್ಟ್ ಮೆಕ್ಯಾನಿಕ್. ಸೇರಿದ ದಿನವೇ ತರಗತಿಯವರು ಅವನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟಾಗಿತ್ತು.

"ಯಾಕೆ ಓಡಿಸಿದ್ರು?" ಮೇಡಂ ನಗು ತಡೆದುಕೊಂಡು ಕೇಳಿದಳು.

"ಡ್ಯೂಟಿಯಲ್ಲಿದ್ದಾಗ ಫೋನ್ ಆಫ್ ಮಾಡಿ ಸಿನಿಮಾಗೆ ಹೋಗಿದ್ದೆ. ಅಷ್ಟರಲ್ಲಿ ಒಂದು ಕಡೆ ಲಿಫ್ಟ್ ಕೆಟ್ಟು ಒಬ್ಬರು ಅಜ್ಜಿ ಒಳಗೆ ಸಿಕ್ಕಿಹಾಕಿಕೊಂಡ್ರು. ನಾನು ಸಿನಿಮಾ ಮುಗಿಸಿ ಬರೋವರೆಗೂ ಅಲ್ಲೇ ಇದ್ರು..."

ಈಗ ಯಾರೂ ನಗಲಿಲ್ಲ. ಅವನು ತಲೆ ತಗ್ಗಿಸಿ ಕೂತ. ಆಮೇಲೆ ಮೆಲ್ಲಗೆ ಸೇರಿಸಿದ, "ಸಿನಿಮಾನೂ ಚೆನ್ನಾಗಿರ್ಲಿಲ್ಲ."

ಮತ್ತೆ ನಗು! ಮೇಡಂ ಮೇಜು ತಟ್ಟಿದಳು.

"ನೋಡಿ, ಇದನ್ನೆಲ್ಲ ಹೀಗೆ ಬಡಬಡ ಅಂತ ಹೇಳಿದ್ರೆ ಯಾರು ಕೆಲಸ ಕೊಡ್ತಾರೆ? 'ಇನ್ನೂ ಬೆಳೆಯೋ ಅವಕಾಶ ಹುಡುಕ್ತಿದ್ದೆ' ಅನ್ನಿ. ಅಷ್ಟೇ ಸಾಕು."

"ಅದು ಸುಳ್ಳಲ್ವಾ ಮೇಡಂ?"

"ಸುಳ್ಳಲ್ಲ, ಪಾಲಿಶ್."

ಅವನು ಕಣ್ಣರಳಿಸಿ ಅವಳನ್ನೇ ನೋಡಿದ. "ನಿಮ್ಮ ಮೊದಲ ಇಂಟರ್ವ್ಯೂನಲ್ಲೂ ಹೀಗೆಲ್ಲ ಕೇಳಿದ್ರಾ?"

"ಕೇಳದೆ ಬಿಡ್ತಾರಾ?" ಎಂದವಳೇ ಒಂದು ಕಥೆ ಶುರುಮಾಡಿದಳು. ಕೋಟು ತೊಟ್ಟ ಮೂವರು, ಒಂದರ ಮೇಲೊಂದು ಪ್ರಶ್ನೆ, ಕೊನೆಗೆ ಎದ್ದು ನಿಂತು ಕೈಕುಲುಕಿದ ದೊಡ್ಡ ಸಾಹೇಬರು... ಕೇಳುತ್ತಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರು.

ಓದುಗರೇ, ನಿಮಗೆ ಮಾತ್ರ ಹೇಳುತ್ತೇನೆ. ಅದರಲ್ಲಿ ಒಂದಕ್ಷರವೂ ನಿಜವಲ್ಲ! ಆ ಕೇಂದ್ರ ಅವಳ ಚಿಕ್ಕಪ್ಪನದು. ಕಾಲೇಜು ಮುಗಿದ ಮರುವಾರ ಚಿಕ್ಕಪ್ಪ "ಬಾಮ್ಮ, ಕೂತ್ಕೋ" ಎಂದಿದ್ದರು, ಅವಳು ಕೂತಿದ್ದಳು. ಮೇಜಿನ ಆಚೆ ಬದಿಯ ಕುರ್ಚಿ ಹೇಗಿರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಒಮ್ಮೊಮ್ಮೆ ಅದು ಮನಸ್ಸನ್ನು ಚುಚ್ಚುತ್ತಿತ್ತು, ಆದರೆ ಪಾಠ ಚೆನ್ನಾಗಿ ನಡೆಯುತ್ತಿತ್ತಲ್ಲ!

ಅವತ್ತಿನಿಂದ ಲಿಫ್ಟಣ್ಣ ತರಗತಿ ಮುಗಿದ ಮೇಲೂ ಉಳಿಯತೊಡಗಿದ. ಕಂಪನಿ ಏನು ಮಾಡುತ್ತದೆಂದು ಮೊದಲೇ ತಿಳಿದುಕೊಂಡು ಹೋಗಿ, ಸಂಬಳದ ಮಾತು ನೀವಾಗಿ ಎತ್ತಬೇಡಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ ಎಂದು ಅವಳು ಹೇಳಿಕೊಡುತ್ತಿದ್ದಳು. ಕಿಸೆಯಿಂದ ಕೈ ತೆಗೆಯಿರಿ ಎಂದು ಎಷ್ಟು ಸಲ ಹೇಳಿದರೂ ಅವನ ಕೈ ಅಲ್ಲೇ ಹೋಗಿ ಸೇರುತ್ತಿತ್ತು.

ಒಂದು ಸಂಜೆ ಇಬ್ಬರೂ ಲಿಫ್ಟ್‌ನಲ್ಲಿ ಇಳಿಯುತ್ತಿದ್ದರು.

"ಲಿಫ್ಟ್‌ನಲ್ಲಿ ಎಲ್ಲರೂ ಮೇಲಿನ ನಂಬರ್ ನೋಡ್ತಾ ನಿಲ್ತಾರೆ, ಯಾಕೆ ಗೊತ್ತಾ ಮೇಡಂ?"

"ಯಾಕೆ?"

"ಪಕ್ಕದಲ್ಲಿರೋರ ಮುಖ ನೋಡೋಕೆ ನಾಚಿಕೆ."

ಅವಳು ಥಟ್ಟನೆ ತಲೆಯೆತ್ತಿ ನಂಬರ್ ನೋಡಿದಳು. ಅವನೂ ನೋಡಿದ. ಕೆಳಗಿಳಿಯುವವರೆಗೆ ಇಬ್ಬರ ಕತ್ತೂ ಮೇಲೆಯೇ ಇತ್ತು.

ಅವನಿಗೆ ಒಂದು ದೊಡ್ಡ ಲಿಫ್ಟ್ ಕಂಪನಿಯಿಂದ ಕರೆ ಬಂತು. ಹೋಗುವ ಮುನ್ನ ಬಾಗಿಲ ಬಳಿ ನಿಂತು, "ಈ ಕೆಲಸ ಸಿಕ್ಕಿದ್ರೆ ನಿಮಗೊಂದು ಮಾತು ಹೇಳ್ಬೇಕು" ಎಂದ.

"ಈಗಲೇ ಹೇಳಿ..."

"ಕೆಲಸ ಇಲ್ದೋನು ಹೇಳೋ ಮಾತಲ್ಲ ಅದು."

ಅವಳ ಕೆನ್ನೆ ಕೆಂಪಾಯಿತು. "ಹಳೆ ಕೆಲಸದ ಬಗ್ಗೆ ಕೇಳಿದ್ರೆ ನಾನು ಹೇಳಿಕೊಟ್ಟಿದ್ದು ನೆನಪಿದೆ ತಾನೇ?"

"ಬಾಯಿಪಾಠ ಆಗಿದೆ!"

ಅವಳು ಸಂಜೆಯವರೆಗೂ ಫೋನ್ ಕೈಯಲ್ಲಿಟ್ಟುಕೊಂಡೇ ಕೂತಳು. ಕರೆ ಬರಲಿಲ್ಲ. ಮರುದಿನ ಅವಳೇ ಮಾಡಿದಳು, ಅವನು ಎತ್ತಲಿಲ್ಲ. ಆ ವಾರವಿಡೀ ತರಗತಿಗೂ ಬರಲಿಲ್ಲ.

ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಸುದ್ದಿ ತಂದಳು. "ಲಿಫ್ಟಣ್ಣನಿಗೆ ಕೆಲಸ ಸಿಗ್ಲಿಲ್ಲ ಮೇಡಂ. ಹಳೆ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದ್ರಂತೆ. ಉತ್ತರ ಕೇಳಿ, ನೀವಿನ್ನು ಹೊರಡಿ ಅಂದ್ರಂತೆ."

ಅವಳ ಕೈ ಫೋನಿನತ್ತ ಹೋಗಿ ನಿಂತಿತು. 'ನಾನು ಹೇಳಿಕೊಟ್ಟ ಉತ್ತರ! ಫೋನ್ ಎತ್ತದೇ ಇರೋದು ಅದಕ್ಕೇ. ನನ್ನ ಮುಖ ನೋಡೋಕೂ ಇಷ್ಟವಿಲ್ಲ ಅವನಿಗೆ...'

ರಾತ್ರಿ ಊಟ ಸೇರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ್ದವನಿಗೆ ಸುಳ್ಳು ಕಲಿಸಿದ್ದಳು, ಅದೂ ತಾನು ಕಾಣದ ಸಂದರ್ಶನದ ಬಡಾಯಿ ಕೊಚ್ಚಿಕೊಂಡು! ನಾಚಿಕೆಯಿಂದ ಹೊದಿಕೆಯೊಳಗೇ ಮುಖ ಮುಚ್ಚಿಕೊಂಡಳು.

ಬೆಳಿಗ್ಗೆ ಎದ್ದವಳು ನೇರವಾಗಿ ಆ ಕಂಪನಿಗೆ ಹೋದಳು.

ಮ್ಯಾನೇಜರ್ ನರೆಗೂದಲಿನ ಹೆಂಗಸು. ಎದುರಿನ ಕುರ್ಚಿ ತೋರಿಸಿ, "ಯಾವ ಕೆಲಸಕ್ಕೆ ಬಂದಿದ್ದೀರಾ?" ಎಂದರು.

"ಕೆಲಸಕ್ಕಲ್ಲ ಮೇಡಂ. ತಪ್ಪು ಒಪ್ಪಿಕೊಳ್ಳೋಕೆ." ಅಜ್ಜಿಯ ವಿಷಯವನ್ನೂ ಆ ಉತ್ತರ ತಾನೇ ಕಲಿಸಿದ್ದೆಂಬುದನ್ನೂ ತೊದಲುತ್ತಲೇ ಹೇಳಿದಳು.

ಮ್ಯಾನೇಜರ್ ಕನ್ನಡಕ ತೆಗೆದಿಟ್ಟರು. "ಈ ಊರಲ್ಲಿ ಲಿಫ್ಟ್ ಕೆಲಸದವರು ಬೆರಳೆಣಿಕೆಯಷ್ಟು ಜನ ಕಣಮ್ಮ. ಆ ಅಜ್ಜಿ ವಿಷಯ ಅವನನ್ನ ಕರೆಯೋಕೆ ಮುಂಚೇನೇ ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಕರೆದ್ರಾ?"

"ಅವನೇ ಬಾಯಿಬಿಟ್ಟು ಹೇಳ್ತಾನಾ ಅಂತ ನೋಡ್ಬೇಕಿತ್ತು. ತಪ್ಪು ಯಾರು ಮಾಡಲ್ಲ? ಆದ್ರೆ ನಮ್ಮಲ್ಲಿ ತಪ್ಪಾದ ತಕ್ಷಣ ಬಂದು ಹೇಳ್ಬೇಕು. ಒಂದು ಬೋಲ್ಟ್ ಸಡಿಲ ಬಿಟ್ಟು ಮುಚ್ಚಿಟ್ರೆ ಯಾರದೋ ಜೀವ ಹೋಗುತ್ತೆ. ಅವನು ಹೇಳಿದ್ದಿದ್ರೆ ಅವತ್ತೇ ಕೆಲಸ ಕೊಡ್ತಿದ್ದೆ."

ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ.

"ಯಾರು ಕಲಿಸಿದ್ರು ಈ ಉತ್ತರ ಅಂತಾನೂ ಕೇಳಿದೆ. 'ನಂದೇ ಮಾತು' ಅಂದ."

ಅವಳ ಕಣ್ಣು ತುಂಬಿತು. "ಇನ್ನೊಂದು ಅವಕಾಶ ಕೊಡಿ ಮೇಡಂ..."

"ನೀವು ಹೇಳಿದ್ರೆ ಅದು ನಿಮ್ಮ ಮಾತಾಯ್ತು. ಅವನದನ್ನ ಅವನೇ ಬಂದು ಹೇಳ್ಲಿ. ನಾಳೆ ಬೆಳಿಗ್ಗೆ ಇರ್ತೀನಿ." ಮ್ಯಾನೇಜರ್ ನೀರಿನ ಲೋಟ ಮುಂದೆ ಸರಿಸಿದರು. "ಅದ್ಸರಿ, ಇಂಟರ್ವ್ಯೂ ಕಲಿಸೋರು ಇಷ್ಟೊಂದು ಬೆವರ್ತಿದ್ದೀರಲ್ಲ?"

"ಈ ಕಡೆ ಕೂತಿದ್ದು ಇದೇ ಮೊದಲು" ಎಂದಳು. ಅಷ್ಟು ನಿಜವನ್ನು ಹೇಳುವುದಕ್ಕೂ ಅವಳಿಗೆ ಧೈರ್ಯ ಬೇಕಾಯಿತು.

ಹಿಂದಿನ ಸಾಲಿನ ಹುಡುಗಿಯನ್ನು ಕೇಳಿ ಅವಳು ಹುಡುಕಿಕೊಂಡು ಹೋದಾಗ ಅವನು ತನ್ನ ಅಕ್ಕನ ಇಸ್ತ್ರಿ ಅಂಗಡಿಯಲ್ಲಿದ್ದ. ಅವಳನ್ನು ನೋಡಿದ್ದೇ ತಡ, ಬಟ್ಟೆಯ ರಾಶಿಯ ಹಿಂದೆ ಸರಿದುಬಿಟ್ಟ. ಅಕ್ಕ ಸೊಂಟಕ್ಕೆ ಕೈಯಿಟ್ಟು ಎದ್ದು ಬಂದಳು.

"ಓ, ಆ ಮೇಡಂ ನೀವೇನಾ? ನಮ್ಮವನು ವಾರದಿಂದ ಗಿರಾಕಿಗಳ ಬಟ್ಟೆ ಸುಡ್ತಿದ್ದಾನೆ. ಏನ್ ಪಾಠ ಮಾಡಿದ್ರಿ ಅವನಿಗೆ?"

"ಸುಳ್ಳು ಪಾಠ ಮಾಡಿದೆ ಅಕ್ಕ." ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ನಾಚಿಕೆಯಿಂದ ಕಿವಿ ಬಿಸಿಯಾದರೂ ಅವಳು ನಿಲ್ಲಿಸಲಿಲ್ಲ. "ನಾನು ಒಂದು ಇಂಟರ್ವ್ಯೂಗೂ ಹೋದವಳಲ್ಲ. ಕೋಟಿನವರು, ಸಾಹೇಬರು, ಎಲ್ಲ ಕಟ್ಟುಕಥೆ. ಚಿಕ್ಕಪ್ಪ ಕೂರಿಸಿದ ಕುರ್ಚಿ ನಂದು. ಇವರಿಗೆ ಸಿಗೋ ಕೆಲಸ ನನ್ನಿಂದ ತಪ್ಪಿತು."

ಅಕ್ಕ ಗಿರಾಕಿಗಳನ್ನು ಕರೆದುಕೊಂಡು ಹೊರಗೆ ನಡೆದಳು.

ಅವನು ಮೆಲ್ಲಗೆ ಮುಂದೆ ಬಂದ. "ನಿಮ್ಮ ಮೇಲೆ ಕೋಪ ಅಂದ್ಕೊಂಡ್ರಾ?"

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

"ಯಾವ ಮುಖ ಇಟ್ಕೊಂಡು ಎತ್ತಲಿ? ಅದು ಸುಳ್ಳು ಅಂತ ನಂಗೆ ಗೊತ್ತಿತ್ತು. ಆದ್ರೂ ಹೇಳೋವಾಗ ಖುಷಿ ಆಯ್ತು. ಅಜ್ಜಿನ ಲಿಫ್ಟ್‌ನಲ್ಲಿ ಬಿಟ್ಟು ಸಿನಿಮಾ ನೋಡಿದೋನಲ್ಲ ನಾನು, ಬೇರೆ ಯಾರೋ ಒಳ್ಳೆಯವನು ಅನ್ನಿಸ್ತು. ನಿಮಗೆ ತಕ್ಕವನು ಅನ್ನಿಸ್ತು..." ಅವನು ಕೈಗೆ ಸಿಕ್ಕ ಅಂಗಿಯೊಂದನ್ನು ಮಡಚತೊಡಗಿದ. "ಆ ಅಜ್ಜಿ ಹತ್ರ ಇನ್ನೂ ಕ್ಷಮೆ ಕೇಳಿಲ್ಲ ನಾನು."

"ನಂಗೆ ಇಷ್ಟವಾಗಿದ್ದು ಆ ಒಳ್ಳೆಯವನಲ್ಲ" ಎಂದಳು. ಕಣ್ಣೀರು ಉರುಳಿತು. "ಅವತ್ತು ಕ್ಲಾಸಲ್ಲಿ ನಾಚಿಕೆಪಟ್ಕೊಂಡು ನಿಜ ಹೇಳಿದ್ನಲ್ಲ, ಅವನು. ಅವನನ್ನೇ ತಿದ್ದೋಕೆ ಹೋದೆ!"

ಅವನು ಕಣ್ಣೊರೆಸಿಕೊಂಡು ನಕ್ಕ. ಅಂಜುತ್ತಂಜುತ್ತ ಅವಳ ಬೆರಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಮ್ಯಾನೇಜರ್ ಹೇಳಿದ್ದನ್ನು ಅವಳು ತಿಳಿಸಿದಳು.

"ಮೊದಲು ಅಜ್ಜಿ ಮನೆಗೆ ಹೋಗ್ತೀನಿ, ಈಗಲೇ. ನಾಳೆ ಅಲ್ಲಿಗೆ."

"ನಾನೂ ಬರ್ತೀನಿ. ಎರಡು ಕಡೆಗೂ."

"ಒಳಗೆ ಏನ್ ಹೇಳ್ಬೇಕು ಅಂತ ಹೇಳ್ಕೊಡ್ತೀಯಾ?"

'ಮೇಡಂ' ಎಲ್ಲೋ ಬಿದ್ದುಹೋಗಿತ್ತು. ಅದು ಇಬ್ಬರ ಗಮನಕ್ಕೂ ಬರಲಿಲ್ಲ.

"ಇಲ್ಲ. ಸುಮ್ನೆ ಹೊರಗೆ ಕಾಯ್ತಿರ್ತೀನಿ."

"ಬೈದು ಕಳಿಸಿದ್ರೆ?"

"ಬೈಸಿಕೊಂಡು ಬಾ. ಅಲ್ಲೇ ಇರ್ತೀನಲ್ಲ."