ವೈಶಾಖ ದಶಮಿಯ ಓದು

ವೈಶಾಖ ಶುದ್ಧ ದಶಮಿಯ ಬೆಳಗು. ಕನಕವಾಡಿಯ ರಾಜಬೀದಿಗೆ ನೀರು ಚಿಮುಕಿಸಿ, ಮನೆಮನೆಯ ಮುಂದೆ ರಂಗವಲ್ಲಿಯಿಟ್ಟು, ಆನೆಬಾಗಿಲಿನಿಂದ ಅರಮನೆಯ ತನಕ ಮಾವಿನ ತೋರಣ ಕಟ್ಟಿದ್ದರು. ಕಹಳೆಯವರ ಹಿಂದೆ ಹೂವಾಡಗಿತ್ತಿಯರು ಬುಟ್ಟಿ ಹೊತ್ತು ನಡೆದಿದ್ದರು. ಮಿಂದು ನಿಂತ ಪಟ್ಟದಾನೆಯ ಹಣೆಗೆ ಮಾವುತ ಸಿಂದೂರ ಬಳಿಯುತ್ತಿದ್ದ. ದಂಡನಾಯಕ ಬಾಚಣ್ಣನಿಗೆ ಅಂದು ಮಹಾಪ್ರಧಾನನ ಮುದ್ರೆಯುಂಗುರ ತೊಡಿಸುವುದಿತ್ತು. ಊರಿಗೆ ಊರೇ ಹಿಗ್ಗಿತ್ತು, ಆಸ್ಥಾನದ ಕರಣಿಕ ಕೇತಯ್ಯನೊಬ್ಬನನ್ನು ಬಿಟ್ಟು.

ಕೇತಯ್ಯನ ಹೊಟ್ಟೆಯುರಿ ನಿನ್ನೆ ಮೊನ್ನೆಯದಲ್ಲ. ಇಬ್ಬರೂ ಒಂದೇ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರು. ಪಾಠದಲ್ಲಿ ಕೇತಯ್ಯನೇ ಮುಂದಿದ್ದರೂ ಗುರುಗಳ ಬಾಯಲ್ಲಿ ಸದಾ ಬಾಚಣ್ಣನ ಹೆಸರು. ಮೂವತ್ತು ವರ್ಷ ಬರೆದೂ ಬರೆದೂ ಕೇತಯ್ಯನ ಬೆನ್ನು ಗೂನಾಯಿತು. ಬಾಚಣ್ಣ ಎರಡು ಯುದ್ಧ ಗೆದ್ದು ಎದೆ ಸೆಟೆಸಿ ನಡೆದ. ಪ್ರಧಾನಿಕೆ ತನಗೇ ಎಂದು ನಂಬಿ ಕೂತಿದ್ದ ಕೇತಯ್ಯನನ್ನು ಅರಸ ಒಂದು ಮಾತೂ ಕೇಳಲಿಲ್ಲ. ಇಷ್ಟರ ಮೇಲೆ ಆ ಮನುಷ್ಯ ಎದುರಾದಾಗಲೆಲ್ಲ "ಚೆನ್ನಾಗಿದ್ದೀಯಾ ಕೇತ?" ಎಂದು ಪ್ರೀತಿಯಿಂದ ಹೆಗಲ ಮೇಲೆ ಕೈಯಿಡುತ್ತಿದ್ದನಲ್ಲ, ಅದನ್ನು ಸಹಿಸುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಆ ರಾಜ್ಯದಲ್ಲೊಂದು ವಾಡಿಕೆ. ಯಾರಿಗೇ ಪದವಿ ಕೊಡುವ ಮೊದಲು, ಅದೇ ತಿಥಿಯಂದು ಹಿಂದೆ ನಡೆದುದನ್ನೆಲ್ಲ, ಗೆದ್ದ ಕೋಟೆ, ಕಟ್ಟಿದ ಕೆರೆ, ಗೊತ್ತುಮಾಡಿದ ಹೊಲದ ಗಡಿ, ಬಿಟ್ಟ ಉಂಬಳಿ, ಹುಟ್ಟಿದ ಕುವರ, ಮಡಿದ ವೀರ, ಕರಣಿಕನು ತುಂಬಿದ ಸಭೆಯಲ್ಲಿ ಓದಬೇಕು. ಇದಕ್ಕೆಂದೇ ಕಪ್ಪು ಬಟ್ಟೆಯ ಕಡತವೊಂದಿತ್ತು; ಅದರಲ್ಲಿ ಬಳಪದಿಂದ ಬರೆಯುವವನು ಅವನೊಬ್ಬನೇ. ಪದವಿಯ ದಿನವಲ್ಲದೆ ಅದನ್ನು ಬೇರೆ ಯಾರೂ ಬಿಚ್ಚುವಂತಿಲ್ಲ. ಪದವಿಗೆ ನಿಂತವನ ದ್ರೋಹವೇನಾದರೂ ಅದರಲ್ಲಿ ಕಂಡರೆ ಶಿರಚ್ಛೇದವೇ ಗತಿ.

ಹಿಂದಿನ ದಿನ ಅರಸನ ಮೈದುನ ಬೀರದೇವ ಕರಣಿಕನ ಬಳಿ ಬಂದು ಕುಳಿತಿದ್ದ.

"ಒಂದೇ ಒಂದು ಸಾಲು, ಕರಣಿಕರೇ. ಹನ್ನೆರಡು ವರ್ಷದ ಹಿಂದೆ ಇದೇ ದಶಮಿಯಂದು ಕಲ್ಲುಗುಡ್ಡದ ಕೋಟೆ ನಮ್ಮ ಕೈತಪ್ಪಿತು. ಹಿಂಬಾಗಿಲು ತೆರೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಅಂದು ಕಾವಲಿದ್ದವರು ಬಾಚಣ್ಣನವರು. ಪ್ರಧಾನಿಕೆ ನನಗೆ ಬಂದರೆ ನಿಮ್ಮನ್ನು ಮರೆಯುವೆನೇ?"

ಕೊನೆಯ ಮಾತು ಕೇತಯ್ಯನ ಕಿವಿಗೇ ಬೀಳಲಿಲ್ಲ. ಅವನ ಕೈ ಆಗಲೇ ಬಳಪ ಹುಡುಕುತ್ತಿತ್ತು.

ಈಗ ಸಭೆಯಲ್ಲಿ ಎದ್ದುನಿಂತು ಅವನು ಒಂದೊಂದೇ ಸಂಗತಿಯನ್ನು ಓದುತ್ತ ಬಂದ. ಆ ಸಾಲು ಬಂದಾಗಲೂ ದನಿ ನಡುಗಲಿಲ್ಲ. "ಕಲ್ಲುಗುಡ್ಡದ ಕೋಟೆಯ ಹಿಂಬಾಗಿಲನ್ನು ಶತ್ರುವಿಗೆ ತೆರೆದವನು ಕಾವಲಿನ ನಾಯಕ ಬಾಚಣ್ಣ."

ಮಹಾರಾಜ ರಾಚವರ್ಮನ ಮುಖ ಕಪ್ಪಿಟ್ಟಿತು. "ದಂಡನಾಯಕರೇ, ಇದು ನಿಜವೇ?"

ಬಾಚಣ್ಣ ಗೆಳೆಯನ ಮುಖವನ್ನು ಒಮ್ಮೆ ದಿಟ್ಟಿಸಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು.

"ಮಹಾಪ್ರಭು, ಬಾಗಿಲು ತೆರೆದ ಪಾಪವನ್ನು ನಾನರಿಯೆ. ಆದರೂ ಕಡತ ಸುಳ್ಳೆಂದು ಈ ಸಭೆಯಲ್ಲಿ ಹೇಳಲಾರೆ. ಇಂದು ಒಂದು ಸಾಲು ಸುಳ್ಳೆಂದರೆ ನಾಳೆ ಬಡವನ ಹೊಲದ ಗಡಿಯನ್ನೂ ಗುಡಿಯ ಉಂಬಳಿಯನ್ನೂ ಯಾರು ನಂಬುತ್ತಾರೆ? ನನ್ನೊಬ್ಬನ ತಲೆಗಾಗಿ ಅಷ್ಟು ಜನರ ಬಾಳು ಅಲುಗಾಡುವುದು ಬೇಡ. ಕೇತಯ್ಯನವರು ಓದಿದ್ದೇ ಇರಲಿ."

ಹೀಗೆಂದು ಖಡ್ಗವನ್ನು ಬಿಚ್ಚಿ ಸಿಂಹಾಸನದ ಮುಂದಿಟ್ಟ. ಸಾಮಂತರು ಕಣ್ಣೊರೆಸಿಕೊಂಡರು. ಅರಸನೇ ಎರಡು ಮೆಟ್ಟಿಲು ಕೆಳಗಿಳಿದು ನಿಂತ.

ಕೇತಯ್ಯ ಇದನ್ನೆಲ್ಲ ಕಂಡ. ಪಶ್ಚಾತ್ತಾಪವಾಯಿತೆಂದರೆ ಸುಳ್ಳಾದೀತು; ಮೊದಲು ಬಂದದ್ದು ಅದೇ ಹಳೆಯ ಅಸೂಯೆ. ಕೊಲ್ಲಹೊರಟರೂ ಇವನು ಬೆಳೆದೇ ಬೆಳೆಯುತ್ತಾನೆ. ದೊಡ್ಡತನವೆಂಬುದು ಸಾವಿನಲ್ಲೂ ಇವನಿಗೇ ಸೇರಬೇಕೇ? ಬಾಚಣ್ಣನಿಂದಾಗದ, ತನ್ನೊಬ್ಬನಿಂದ ಮಾತ್ರ ಆಗುವ ಕೆಲಸವೊಂದು ಬಾಳಿನಲ್ಲಿ ಮೊದಲ ಬಾರಿಗೆ ಕೈಯಳತೆಯಲ್ಲಿತ್ತು.

ಅವನು ಕಡತವನ್ನು ಅರಸನ ಮುಂದೆ ಹರಡಿ ಹೆಬ್ಬೆರಳಿನಿಂದ ಪುಟವನ್ನು ಉಜ್ಜಿದ. ವರ್ಷಗಳಿಂದ ಬಟ್ಟೆಗೆ ಕಚ್ಚಿಕೊಂಡ ಅಕ್ಷರಗಳು ಕದಲಲಿಲ್ಲ. ಆ ಒಂದು ಸಾಲು ಮಾತ್ರ ಬಿಳಿ ಪುಡಿಯಾಗಿ ಬೆರಳಿಗೆ ಬಂತು.

"ನಿನ್ನೆ ಬರೆದದ್ದು ಮಹಾಪ್ರಭು. ಬರೆಸಿದವರು ಬೀರದೇವರು, ಬರೆದವನು ನಾನು. ಹೊಟ್ಟೆಕಿಚ್ಚು ಮಾತ್ರ ಪೂರ್ತಿ ನನ್ನದೇ."

ಬೀರದೇವ ಬಾಗಿಲ ಕಡೆ ತಿರುಗುವಷ್ಟರಲ್ಲಿ ಭಟರು ಅಡ್ಡನಿಂತರು. ಅರಸ ಇಬ್ಬರಿಗೂ ಶಿರಚ್ಛೇದ ವಿಧಿಸಿ, ಅಲ್ಲಿಯೇ ಬಾಚಣ್ಣನ ಬೆರಳಿಗೆ ಮುದ್ರೆಯುಂಗುರ ತೊಡಿಸಿದ. ಹೊಸ ಮಹಾಪ್ರಧಾನ ಮೊದಲು ಬೇಡಿದ್ದು ಕೇತಯ್ಯನ ಪ್ರಾಣವನ್ನು.

"ಬೇಡ ಬಾಚಿ," ಎಂದ ಕೇತಯ್ಯ. "ಸುಳ್ಳು ಬರೆದವನು ಉಳಿದುಕೊಂಡರೆ ಉಳಿದ ಸಾಲುಗಳನ್ನು ಜನ ನಂಬುವುದಿಲ್ಲ, ನೀನೇ ಹೇಳಿದೆಯಲ್ಲ. ಇದೊಂದನ್ನಾದರೂ ನನಗೆ ಬಿಡು."

ಇನ್ನು ಕರಣಿಕನಿಲ್ಲದ ಕಡತದಲ್ಲಿ ಆ ದಿನದ ಸಂಗತಿಯನ್ನು ಬರೆಯಲು ಬಾಚಣ್ಣ ತಾನೇ ಬಳಪ ಹಿಡಿದು, ಹರಿಯುವ ಕಣ್ಣೀರಿನಲ್ಲೇ "ಮಹಾಪ್ರಧಾನ" ಎಂದು ಶುರುಮಾಡಿದ. ಭಟರ ನಡುವೆ ನಿಂತಿದ್ದ ಕೇತಯ್ಯ ಕುತ್ತಿಗೆ ಚಾಚಿ ನೋಡಿದ.

"ಅದನ್ನು ಅಳಿಸು ಬಾಚಿ," ಎಂದ. "ಇವತ್ತಿನ ದಶಮಿಯಲ್ಲಿ ನನ್ನ ಹೆಸರು ಮೊದಲು."

ಬಾಚಣ್ಣ ಅಳಿಸಿದ. "ಕೇತಯ್ಯ" ಎಂದು ಬರೆದು, ತನ್ನ ಹೆಸರನ್ನು ಅದರ ಕೆಳಗೆ ಬರೆದುಕೊಂಡ.