ಕಂದಲಗಾಂವದ ಆಶಾ, ನವಿ ಪೇಠದ ಡಾಕ್ಟರ್

"ಒಳಗ ಬರಬ್ಯಾಡ್ರಿ! ಹೊರಗ ನಿಂದರ್ರಿ!"

ಹೊಸ ಡಾಕ್ಟರ್ ಉದಯಕುಮಾರ ಮಯೂರಿಯ ಮುಖದ ಮೇಲೆಯೇ ಬಾಗಿಲು ಹಾಕಿಬಿಟ್ಟ!

ಕಂದಲಗಾಂವದ ಆಶಾ ಕಾರ್ಯಕರ್ತೆ ಅವಳು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿದ್ದ ದ್ರೌಪದಿ ಅಜ್ಜಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದಿದ್ದಳು.

ಗಂಡನ ಮನೆಯವರೂ ಒಂದು ದಿನ ಹೀಗೇ ಬಾಗಿಲು ಹಾಕಿದ್ದರು... 'ಇಲ್ಲೂ ನಾ ಹೊರಗಿನಾಕಿನೇ ಏನು?'

ಅಜ್ಜಿಯನ್ನು ಹೊರಗೆ ಬಂದ ನರ್ಸ್ ಕೈಗೊಪ್ಪಿಸಿ ಹೊರಟವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಪೇಶಂಟ್‌ಗಳನ್ನು ಗೇಟಿನಲ್ಲೇ ಬಿಟ್ಟು ಬರತೊಡಗಿದಳು.

ಒಂದು ಮುಂಜಾನೆ ಡಾಕ್ಟರೇ ಅವಳ ಮನೆ ಮುಂದೆ ಬೈಕ್ ನಿಲ್ಲಿಸಿದ.

"ಅಜ್ಜಿ ಪಟ್ಟಿ ಕಟ್ಟಿಸ್ಕೊಳ್ಳಾಕ ಬರವಲ್ಲಳು. ನಾ ಹೋದ್ರ ಬಾಗಲಾ ತಗೀವಲ್ಲಳು. ನೀವು ಬರ್ರಿ."

"ಹೊರಗ ನಿಂದ್ರಾಕಿ ಯಾಕ ಬೇಕ್ರಿ ನಿಮಗ?"

ಅವನು ತಬ್ಬಿಬ್ಬಾದ. "ಅವತ್ತ ಒಳಗ ಟಿಬಿ ಪೇಶಂಟ್ ಕೆಮ್ಮಾಕತ್ತಿದ್ದ. ನಿಮಗ, ಅಜ್ಜಿಗಿ ಹತ್ತೀತಂತ ಗಾಬರ್ಯಾಗಿ ಒದರಿದೆ... ತಪ್ಪಾತು. ಮಾಫ್ ಮಾಡ್ರಿ."

'ಅಯ್ಯ! ನಾ ಏನೇನೋ ತಿಳ್ಕೊಂಡೆನಲ್ಲ!'

ಮಯೂರಿ ಅವನೊಡನೆ ಅಜ್ಜಿಯ ಮನೆಗೆ ಹೊರಟಳು. ಅವಳ ದನಿ ಕೇಳಿ ಅಜ್ಜಿ ಬಾಗಿಲು ತೆರೆದಳು. ಹಿಂದೆ ನಿಂತ ಡಾಕ್ಟರನ್ನು ಕಂಡು ಚೀರಿದಳು. "ಇಂವಾ ನನ್ನ ಕಾಲ ಕತ್ತರಸ್ತಾನ!"

"ಕಾಲ ಉಳಸಾಕನ ಬಂದಾರ ಅಜ್ಜಿ. ನಾ ಇಲ್ಲೇ ಇರ್ತೀನಿ."

ಮಯೂರಿ ಅಜ್ಜಿಯ ಕೈ ಹಿಡಿದಳು. ಉದಯಕುಮಾರ ನೆಲಕ್ಕೆ ಕುಳಿತು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಗಾಯ ತೊಳೆದ. ಮಯೂರಿಯ ಕಣ್ಣು ಅವನ ಮೇಲಿಂದ ಸರಿಯಲೇ ಇಲ್ಲ...

ಮುಂದಿನ ವಾರದ ಮೀಟಿಂಗಿನಲ್ಲಿ ನರ್ಸ್ ಪಕ್ಕ ಅವಳನ್ನೂ ಕೂರಿಸಿ ಅವನೆಂದ, "ಮನಿಮನಿ ಹೊಕ್ಕು ಬರಾವ್ರು ಇವ್ರು. ಇನ್ನ ಮ್ಯಾಲ ಎಲ್ಲಾರೂ ಕೂಡೇ ವಿಚಾರ ಮಾಡೂನು."

ಯಾರ ಮನೆಗೆ ಯಾರು ಹೋಗಬೇಕು, ಯಾರಿಗೆ ಯಾವ ಔಷಧ ಅಂತ ಕೂಡಿ ಮಾತಾಡುತ್ತ, ಚಹಾ ಕುಡಿಯುತ್ತ, ನಗುತ್ತ ಇಬ್ಬರೂ ಹತ್ತಿರವಾದರು.

ಅಜ್ಜಿ ತಾನೇ ನಡೆದುಕೊಂಡು ಕೇಂದ್ರಕ್ಕೆ ಬಂದ ದಿನ ಉದಯಕುಮಾರ ಕೇಳಿಯೇಬಿಟ್ಟ.

"ಮಯೂರಿ... ನನ್ನ ಲಗ್ನಾ ಆಗ್ತೀರೇನು?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಾ ಗಂಡನಿಂದ ಡೈವೋರ್ಸ್ ಆದಾಕಿ. ಶಹರದಾಗ ನವಿ ಪೇಠದ ದೊಡ್ಡ ಅರಬಿ-ಬಟ್ಟಿ ಅಂಗಡಿ ಮಂದಿ ನೀವು. ಮನ್ಯಾಗ ಏನಂದಾರು?"

"ಎಲ್ಲಾ ಹೇಳೀನಿ. ಅವ್ವ ಮೊದಲ ಹತ್ತ ಪ್ರಶ್ನಿ ಕೇಳಿದ್ಲು. ಆಮ್ಯಾಲ, 'ಐತವಾರ ಕರ್ಕೊಂಡ ಬಾ' ಅಂದ್ಲು."

ಮಯೂರಿಯ ಕಣ್ಣು ತುಂಬಿತು. ಆದರೂ ನಗು ಬಂತು. "ಐತವಾರ ಪೋಲಿಯೋ ಹನಿ ಹಾಕೂದೈತ್ರಿ!"

"ಔಷಧದ ಡಬ್ಬಿ ನಾ ಹಿಡಿತೀನಿ. ಲಗೂನ ಮುಗಸಿ ಹೋಗೂನು."

"ಡಾಕ್ಟರು ನನ್ನ ಹಿಂದ ಡಬ್ಬಿ ಹಿಡ್ಕೊಂಡ ಬಂದ್ರ ಮಂದಿ ಯಾಕಂತ ಕೇಳ್ತಾರ..."

"ಏನಂತ ಹೇಳ್ತಿ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಮ್ಮವ್ರು ಅಂತೀನಿ!"