ಮತ್ತೆ ಮಸುಕಾದ ಸ್ಕ್ರೀನ್

ಫೋಟೋದಲ್ಲಿದ್ದ ಅಜ್ಜನ ಮೀಸೆ ಮತ್ತೆ ಮಸುಕಾಗಿ, ಇಟ್ಟಿಗೆ ಜೋಡಿಸಿದಂತೆ ಚೌಕ ಚೌಕವಾಗಿ ಕಾಣುತ್ತಿತ್ತು. ಅವಳು ಮೌಸನ್ನು ಮೇಜಿನ ಮೇಲೆ ಕುಕ್ಕಿ ಫೋನ್ ಎತ್ತಿಕೊಂಡಳು.

ಹಳೆಯ ಫೋಟೋಗಳನ್ನು ತಿದ್ದಿ ಸರಿಪಡಿಸುವುದು ಅವಳ ಕೆಲಸ. ಬೆಳಿಗ್ಗೆ ಸ್ಟುಡಿಯೋ, ಊಟವಾದ ಮೇಲೆ ಮನೆಯ ಕಂಪ್ಯೂಟರ್. ಸ್ಟುಡಿಯೋದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಯಾರು ಏನೇ ದೂರು ಹೇಳಿದರೂ ‘ಮೊದಲು ಕೇಬಲ್ ನೋಡಿ’ ಎನ್ನುತ್ತಿದ್ದುದರಿಂದ ಅವನಿಗೆ ಕೇಬಲ್ ಎಂದೇ ಹೆಸರಾಗಿತ್ತು.

“ಕೇಬಲ್ ನೋಡಿ ಅಂದ್ರೆ ಫೋನ್ ಇಟ್ಬಿಡ್ತೀನಿ,” ಎಂದಳು.

“ಹಾಗಾದ್ರೆ ನಾನೇ ಬಂದು ನೋಡ್ತೀನಿ,” ಎಂದ. ದನಿಯಲ್ಲಿದ್ದ ನಗು ಅವಳ ಮೈ ಉರಿಸಿತು.

ಮೊದಲ ಸಲ ಬಂದಾಗಲೇ ಅವನು ಕಾರಣ ಹೇಳಿದ್ದ. ಸ್ಕ್ರೀನಿನ ರೆಸಲ್ಯೂಷನ್ ಕಡಿಮೆಯಾಗಿದೆ, ಅದಕ್ಕೇ ಅಕ್ಷರಗಳೆಲ್ಲ ದಪ್ಪಗಾಗಿ ಚಿತ್ರಗಳು ಒಡೆಯುತ್ತಿವೆ. ಸರಿಮಾಡಿ ಹೋದ. ಎರಡು ದಿನಕ್ಕೆ ಮತ್ತೆ ಅದೇ ರಾಮಾಯಣ. ಸ್ಕ್ರೀನ್ ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದ. ಮಾನಿಟರನ್ನೇ ಬದಲಿಸಿದ. ಅದಕ್ಕೂ ಅದೇ ರೋಗ ಅಂಟಿತು. ಮಸುಕಿನಲ್ಲೇ ತಿದ್ದಿದ ಒಂದು ಮುಖ ಪ್ರಿಂಟಿನಲ್ಲಿ ಮೇಣದ ಬೊಂಬೆಯಂತಾಗಿ ಗಿರಾಕಿಯಿಂದ ವಾಪಸ್ ಬಂದಿತ್ತು. ಇನ್ನೊಂದು ಹಾಗಾದರೆ ಮನೆಯಿಂದ ಕೆಲಸ ಬಂದ್ ಎಂದಿದ್ದರು ಮಾಲೀಕರು.

ಈ ಸಲವೂ ಬಂದು ಎಲ್ಲ ನೋಡಿ ಅವನು ಮೇಜಿನ ಕೆಳಗಿನಿಂದ ಎದ್ದಾಗ ತಲೆಗೂದಲಿಗೆ ಧೂಳು ಮೆತ್ತಿತ್ತು. ಒರೆಸಲು ತನ್ನ ಕೈ ತಾನಾಗಿ ಮೇಲೆದ್ದದ್ದನ್ನು ಕಂಡು ಅವಳಿಗೆ ತನ್ನ ಮೇಲೇ ರೇಗಿತು. ಅವನು ಅದನ್ನು ನೋಡಿಬಿಟ್ಟ. ತುಟಿಯಂಚಿನಲ್ಲಿ ನಗು ಇಣುಕಿತು.

ಇದು ತಾನಾಗಿ ಆಗುವುದಲ್ಲ, ಯಾರೋ ಕೈ ಹಾಕುತ್ತಿದ್ದಾರೆ ಎಂದ ಅವನು. ಮನೆಯಲ್ಲಿದ್ದವರು ಅವಳು ಮತ್ತು ಅವಳನ್ನು ಸಾಕಿದ ದೊಡ್ಡಮ್ಮ, ಇಬ್ಬರೇ. ಮೌಸ್ ಕಂಡರೆ ನಿಜವಾದ ಇಲಿ ಕಂಡಂತೆ ಹಿಂದೆ ಸರಿಯುವ ದೊಡ್ಡಮ್ಮ.

“ಕೈ ಹಾಕ್ತಿರೋದು ನೀವೇ,” ಅವಳ ಬಾಯಿಂದ ಬಂದೇಬಿಟ್ಟಿತು. “ಇಲ್ಲಿಗೆ ಬರೋಕೆ ಒಂದು ನೆಪ ಬೇಕಲ್ಲ.”

ಅವನ ನಗು ಆರಿತು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡ.

“ನಿಮ್ಮ ಕೆಲಸ ಕೆಡಿಸಿ ನಿಮ್ಮನ್ನ ನೋಡೋಕೆ ಬರೋನಲ್ಲ ನಾನು,” ಎಂದು ಹೊರಟೇ ಹೋದ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನ ಮುಖ ಬಿಳಿಚಿಕೊಂಡಿತ್ತು.

ಮರುದಿನ ಪೆನ್‌ಡ್ರೈವ್ ಮರೆತು ಅರ್ಧ ದಾರಿಯಿಂದ ವಾಪಸ್ ಬಂದವಳಿಗೆ ಕಂಡದ್ದು, ಸ್ಕ್ರೀನಿಗೆ ಮೂಗು ತಾಗಿಸಿ ಸುದ್ದಿ ಓದುತ್ತಿದ್ದ ದೊಡ್ಡಮ್ಮ. ಅಕ್ಷರ ದಪ್ಪ ಮಾಡುವುದನ್ನು ಯಾವುದೋ ವಿಡಿಯೋ ನೋಡಿ ಕಲಿತಿದ್ದರಂತೆ. ಬಲಗಣ್ಣಿಗೆ ಪೊರೆ ಬಂದು ತಿಂಗಳುಗಳೇ ಆಗಿದ್ದವು.

“ಹೇಳಿದ್ರೆ ಆಪರೇಷನ್ ಅಂತ ಓಡಾಡ್ತೀಯ. ನಿನ್ನ ತಲೆ ಮೇಲೆ ಇನ್ನೊಂದು ಹೊರೆ ಯಾಕೆ ಪುಟ್ಟಿ?” ಎಂದರು ದೊಡ್ಡಮ್ಮ.

ಅವಳು ಬಾಯಿಗೆ ಬಂದಂತೆ ಬೈದಳು. ಬೈಯುತ್ತ ಬೈಯುತ್ತಲೇ ಅತ್ತಳು. ಆಮೇಲೆ ಅವನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಗೇ ಹೋಗಿ, ವೈರುಗಳ ರಾಶಿಯ ಮುಂದೆ ಕೂತಿದ್ದವನಿಗೆ ಎಲ್ಲ ಹೇಳಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು.

ಅವನು ತಲೆ ಎತ್ತಲಿಲ್ಲ. “ಎಡಗಣ್ಣು ಚೆನ್ನಾಗಿದ್ಯಂತಾ?” ಎಂದಷ್ಟೇ ಕೇಳಿದ.

ಸಂಜೆ ಬಂದು ಅದೇ ಕಂಪ್ಯೂಟರಿನಲ್ಲಿ ದೊಡ್ಡಮ್ಮನಿಗೆಂದೇ ಬೇರೆ ಲಾಗಿನ್ ಮಾಡಿಕೊಟ್ಟ. ಅವರ ಅಕ್ಷರ ಅವರಿಗೆ ದಪ್ಪ, ಇವಳ ಚಿತ್ರ ಇವಳಿಗೆ ಸ್ವಚ್ಛ. ಪಾಸ್‌ವರ್ಡ್ ಒತ್ತುವುದನ್ನು ಪಕ್ಕದಲ್ಲಿ ಕೂತು ತಾಳ್ಮೆಯಿಂದ ಕಲಿಸಿದ. ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟನ್ನೂ ತಾನೇ ತೆಗೆದುಕೊಂಡ. ಅವಳೊಡನೆ ಮಾತ್ರ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಒಳ್ಳೆಯತನವನ್ನು ಏನು ಮಾಡುವುದೆಂದು ತಿಳಿಯದೆ ಅವಳು ಪಾತ್ರೆಗಳನ್ನು ದಡಬಡ ಮಾಡಿದಳು.

ಆಪರೇಷನ್ ಆದ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಕೂತಿದ್ದರು. ನಡುವೆ ದೊಡ್ಡಮ್ಮ, ಕಣ್ಣಿಗೆ ಪಟ್ಟಿ, ತಲೆ ಗೋಡೆಗೆ ಒರಗಿಸಿ ನಿದ್ದೆಹೋದಂತಿದ್ದರು.

ಅವಳ ತಾಳ್ಮೆ ಮುಗಿಯಿತು. ಅವರ ಮುಂದಿನಿಂದಲೇ ಅವನತ್ತ ಬಾಗಿ ಪಿಸುಗುಟ್ಟಿದಳು. “ಇನ್ನೂ ಎಷ್ಟು ದಿನ ಈ ಮುನಿಸು?”

“ಮುನಿಸಲ್ಲ. ನಾಚಿಕೆ,” ಎಂದ ಅವನು. “ಅವತ್ತು ನೀವು ಅಂದಿದ್ದು ಅರ್ಧ ನಿಜ. ನಾನು ಕೆಡಿಸಲಿಲ್ಲ. ಆದ್ರೆ ಮತ್ತೆ ಕೆಡಲಿ ಅಂತ ದಿನಾ ಕಾಯ್ತಿದ್ದೆ.”

ಅವಳು ಅವನನ್ನೇ ನೋಡಿದಳು. ಅವನ ಕಿವಿಗಳು ಕೆಂಪಾಗಿದ್ದವು.

“ಅಷ್ಟು ಹೇಳೋಕೆ ನನ್ನನ್ನ ಇಷ್ಟು ಸತಾಯಿಸಬೇಕಿತ್ತಾ? ನಿಮ್ಮಂಥ ಗೂಬೆ ಜೊತೆ ಜೀವನಪೂರ್ತಿ ಯಾರು ಜಗಳ ಆಡ್ತಾರೆ?”

“ನೀವು ಆಡ್ತೀರಾ?”

ದೊಡ್ಡಮ್ಮ ಅಲುಗಾಡದೆ ಬಾಯಿ ತೆರೆದರು.

“ಪಟ್ಟಿ ಕಟ್ಟಿರೋದು ಕಣ್ಣಿಗೆ, ಕಿವಿಗಲ್ಲ. ಬೇಗ ಹೂಂ ಅನ್ನು ಪುಟ್ಟಿ, ನನ್ನ ಕುತ್ತಿಗೆ ನೋಯ್ತಿದೆ.”

ಸಿಡುಕುತ್ತಲೇ ಅವಳು ಹೂಂ ಎಂದಳು.